ಹಾರ್ವರ್ಡ್ ಗ್ರಂಥಾಲಯ: ನಾನೂರು ಪುಸ್ತಕಗಳಿಂದ ಎರಡು ಕೋಟಿಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ನಗರದಲ್ಲಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯವು ಆ ದೇಶದ ಅತ್ಯಂತ ಪ್ರಾಚೀನ ಗ್ರಂಥಾಲಯ ವ್ಯವಸ್ಥೆಯಾಗಿದೆ. ಇದು ಒಂದೇ ಕಟ್ಟಡವಲ್ಲ. ಕಾನೂನು, ವೈದ್ಯಕೀಯ, ಪೂರ್ವ ಏಷ್ಯಾ ಅಧ್ಯಯನ ಮುಂತಾದ ವಿಷಯಗಳಿಗೆ ಮೀಸಲಾದ ಹಲವು ಗ್ರಂಥಾಲಯಗಳ ಒಕ್ಕೂಟ. ಒಟ್ಟು ಸಂಗ್ರಹ ಸುಮಾರು 2 ಕೋಟಿ ಸಂಪುಟಗಳು.

ದಾನದಿಂದ ಆರಂಭ

1636ರಲ್ಲಿ ಸ್ಥಾಪನೆಯಾದ ಕಾಲೇಜಿಗೆ 1638ರಲ್ಲಿ ನಿಧನರಾದ ಪಾದ್ರಿ ಜಾನ್ ಹಾರ್ವರ್ಡ್ ತಮ್ಮ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಬಿಟ್ಟುಹೋದರು. ಮರುವರ್ಷ ಕಾಲೇಜಿಗೆ ಅವರ ಹೆಸರನ್ನೇ ಇಡಲಾಯಿತು.

1764ರ ಅಗ್ನಿ ಅನಾಹುತ

1764ರ ಜನವರಿ 24ರ ರಾತ್ರಿ ಗ್ರಂಥಾಲಯವಿದ್ದ ಹಾರ್ವರ್ಡ್ ಹಾಲ್ ಬೆಂಕಿಗೆ ಆಹುತಿಯಾಯಿತು. ಬಾಸ್ಟನ್‌ನಲ್ಲಿ ಸಿಡುಬು ಹರಡಿದ್ದರಿಂದ ವಸಾಹತಿನ ಶಾಸನಸಭೆ ಆಗ ಈ ಕಟ್ಟಡದಲ್ಲಿ ಸೇರುತ್ತಿತ್ತು. ಸುಮಾರು 5,000 ಸಂಪುಟಗಳಲ್ಲಿ ಉಳಿದವು ಕೇವಲ 404. ಓದುಗರ ಬಳಿ ಎರವಲಿನಲ್ಲಿದ್ದವು ಮತ್ತು ಇನ್ನೂ ಕಪಾಟು ಸೇರದಿದ್ದ ಹೊಸ ಪುಸ್ತಕಗಳಷ್ಟೇ ಪಾರಾದವು. ಜಾನ್ ಹಾರ್ವರ್ಡ್ ನೀಡಿದವುಗಳಲ್ಲಿ ಉಳಿದಿರುವುದೆಂದು ಗುರುತಿಸಲಾಗಿರುವುದು ಒಂದೇ ಒಂದು: ಜಾನ್ ಡೌನೇಮ್ ರಚಿಸಿದ ಧಾರ್ಮಿಕ ಗ್ರಂಥ. ಅದೂ ಎರವಲು ಹೋಗಿದ್ದರಿಂದಲೇ ಉಳಿಯಿತೆಂದು ಭಾವಿಸಲಾಗಿದೆ. ಶಾಸನಸಭೆ ಕಟ್ಟಡವನ್ನು ಪುನಃ ನಿರ್ಮಿಸಿಕೊಟ್ಟಿತು. ದಾನಿಗಳು ಪುಸ್ತಕ ಕಳುಹಿಸಿದರು.

ವೈಡ್ನರ್ ಮತ್ತು ಇತರ ಕಟ್ಟಡಗಳು

1912ರ ಟೈಟಾನಿಕ್ ದುರಂತದಲ್ಲಿ ಮಡಿದ ಪುಸ್ತಕ ಸಂಗ್ರಾಹಕ ಹ್ಯಾರಿ ಎಲ್ಕಿನ್ಸ್ ವೈಡ್ನರ್ ನೆನಪಿಗಾಗಿ ಅವರ ತಾಯಿ ಎಲಿನಾರ್ ಕಟ್ಟಿಸಿಕೊಟ್ಟ ವೈಡ್ನರ್ ಗ್ರಂಥಾಲಯ 1915ರಲ್ಲಿ ಉದ್ಘಾಟನೆಗೊಂಡಿತು. ಇದರ ಕಪಾಟುಗಳ ಒಟ್ಟು ಉದ್ದ ಸುಮಾರು 57 ಮೈಲಿ. ಅಪರೂಪದ ಗ್ರಂಥ ಮತ್ತು ಹಸ್ತಪ್ರತಿಗಳಿಗಾಗಿ 1942ರಲ್ಲಿ ಹೌಟನ್, ಪದವಿ ವಿದ್ಯಾರ್ಥಿಗಳಿಗಾಗಿ 1949ರಲ್ಲಿ ಲಾಮಾಂಟ್ ಗ್ರಂಥಾಲಯಗಳು ತೆರೆದವು. ಲಾಮಾಂಟ್‌ನಲ್ಲಿ ವಿದ್ಯಾರ್ಥಿನಿಯರಿಗೆ ಪ್ರವೇಶ ದೊರೆತದ್ದು 1967ರಲ್ಲಿ.

ಸ್ಥಳದ ಅಭಾವ ನೀಗಿಸಲು 1986ರಲ್ಲಿ ಸೌತ್‌ಬರೋ ಎಂಬಲ್ಲಿ ಉಗ್ರಾಣವೊಂದು ಆರಂಭವಾಯಿತು. ಅಲ್ಲಿ ಪುಸ್ತಕಗಳನ್ನು ವಿಷಯಕ್ಕನುಗುಣವಾಗಿ ಜೋಡಿಸದೆ ಗಾತ್ರಕ್ಕನುಗುಣವಾಗಿ ಜೋಡಿಸಿ, ತಂಪಾದ ಒಣ ಹವೆಯಲ್ಲಿ ಇರಿಸಲಾಗುತ್ತದೆ. ಓದುಗರು ಕೋರಿದಾಗ ಬಾರ್‌ಕೋಡ್ ನೆರವಿನಿಂದ ಹುಡುಕಿ ಕಳುಹಿಸಲಾಗುತ್ತದೆ.

ಬೆಲೆಯ ಬಿಸಿ

ಇಷ್ಟು ಸಿರಿವಂತ ಸಂಸ್ಥೆಗೂ ಸಂಶೋಧನಾ ನಿಯತಕಾಲಿಕೆಗಳ ಬೆಲೆ ಹೊರೆಯಾಯಿತು. ಕೆಲವು ಪ್ರಕಾಶಕರಿಗೆ ತೆರುವ ವಾರ್ಷಿಕ ಚಂದಾ 37.5 ಲಕ್ಷ ಡಾಲರ್ ಸಮೀಪಿಸಿದ್ದು, ಇದು ಹೀಗೇ ಮುಂದುವರಿಯಲಾಗದೆಂದು ಗ್ರಂಥಾಲಯದ ಅಧ್ಯಾಪಕ ಸಲಹಾ ಮಂಡಳಿ 2012ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ತಮ್ಮ ಲೇಖನಗಳನ್ನು ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಪ್ರಕಟಿಸಲು ಅಧ್ಯಾಪಕರಿಗೆ ಅದು ಸಲಹೆ ನೀಡಿತು. ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು 2008ರ ಫೆಬ್ರವರಿಯಲ್ಲೇ ಇಂಥ ನಿರ್ಣಯ ಕೈಗೊಂಡಿದ್ದರು. ಅದರಂತೆ ರೂಪುಗೊಂಡ ಅಂತರ್ಜಾಲ ಭಂಡಾರದಲ್ಲಿ ಅವರ ಲೇಖನಗಳನ್ನು ಜಗತ್ತಿನ ಯಾವುದೇ ಓದುಗ ಶುಲ್ಕವಿಲ್ಲದೆ ಓದಬಹುದು.

ಕಪಾಟಿನಲ್ಲಿದ್ದ ಪುಸ್ತಕಗಳು ಸುಟ್ಟು, ಹೊರಗೆ ಹೋಗಿದ್ದವು ಉಳಿದ ಗ್ರಂಥಾಲಯಕ್ಕೆ ಇದು ಒಪ್ಪುವ ದಾರಿಯೇ ಆಗಿದೆ.