ವಿಳಂಬಿ ಸಂವತ್ಸರ ಮತ್ತು 2038

ನಮ್ಮ ತಿಳವಳ್ಳಿಯ ಶಾಂತೇಶ್ವರ ಗುಡಿ 1238ರದ್ದು, ಸೇವುಣರ ಕಾಲದ್ದು. ಪಂಚಾಂಗದ ಲೆಕ್ಕ ಹಾಕಿದರೆ ಆ ವರ್ಷದ ಯುಗಾದಿಗೆ ಬಂದದ್ದು ವಿಳಂಬಿ ಸಂವತ್ಸರ. 2018ರಲ್ಲಿ ಬಂದದ್ದೂ ವಿಳಂಬಿಯೇ! ಸಂವತ್ಸರಗಳು ಅರವತ್ತೇ, ಅಕ್ಷಯ ಮುಗಿದರೆ ಮತ್ತೆ ಪ್ರಭವ. ಬರೀ ವಿಳಂಬಿ ಎಂದರೆ ಯಾವ ವಿಳಂಬಿ? ಅದಕ್ಕೇ ನಮ್ಮ ಕಡೆಯ ಶಾಸನಗಳಲ್ಲಿ ಸಂವತ್ಸರದ ಹೆಸರಿನ ಜೊತೆ ಶಕವರ್ಷದ ಅಂಕಿಯನ್ನೂ ಕೊರೆಸುತ್ತಿದ್ದರು. ಜಾಣರು.

ಕಂಪ್ಯೂಟರಿಗೂ ಇದೇ ತೊಡಕು. ಸೊನ್ನೆ, ಒಂದು ತುಂಬುವ ಮನೆಗೆ ಬಿಟ್ ಎನ್ನುತ್ತಾರೆ. 32 ಬಿಟ್‌ಗಳಲ್ಲಿ ಪೂರ್ಣಾಂಕ 2,14,74,83,647ರವರೆಗೆ ಹಿಡಿಯುತ್ತದೆ. ಅದಕ್ಕೆ ಒಂದು ಕೂಡಿಸಿದರೆ ಜಾವಾ ಸದ್ದಿಲ್ಲದೆ ಸುತ್ತು ಹೊಡೆದು ಮೈನಸ್ ಸಂಖ್ಯೆ ಕೊಡುತ್ತದೆ. ಸಿ ಭಾಷೆಯಲ್ಲಿ ಏನಾಗಬೇಕೆಂಬ ನಿಯಮವೇ ಇಲ್ಲ. ಪೈಥಾನ್ ಮಾತ್ರ ಸಂಖ್ಯೆ ಬೆಳೆದಂತೆ ಮನೆಗಳನ್ನೂ ಬೆಳೆಸುತ್ತದೆ. ಕೆಲಸ ತುಸು ನಿಧಾನ.

ಯುನಿಕ್ಸ್ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ. ಆ ಎಣಿಕೆಯನ್ನು 32 ಬಿಟ್‌ನಲ್ಲೇ ಇಟ್ಟ ಹಳೆಯ ಯಂತ್ರಗಳಲ್ಲಿ ನಮ್ಮ ಸಮಯ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮನೆ ತುಂಬುತ್ತದೆ. ಮರುಸೆಕೆಂಡಿಗೆ ಎಣಿಕೆ ಮೈನಸ್ಸಿಗೆ ಬಿದ್ದರೆ ತಾರೀಖು 1901ರ ಡಿಸೆಂಬರ್! 64 ಬಿಟ್‌ನಲ್ಲಿ ಕಾಲ ಎಣಿಸುವ ಹೊಸ ಫೋನುಗಳಿಗೆ ಈ ಚಿಂತೆಯಿಲ್ಲ. ಭಯವಿರುವುದು ಒಮ್ಮೆ ಕೂರಿಸಿ ಮರೆತುಬಿಡುವ ಯಂತ್ರಗಳದ್ದು. ಅವುಗಳ ಒಳಗಿನ ಗಡಿಯಾರ ಎಷ್ಟು ಬಿಟ್‌ನದ್ದೆಂದು ಕೊಳ್ಳುವಾಗ ಯಾರೂ ಕೇಳುವುದಿಲ್ಲ.