ಕರಾಟೆ ಯಾರದ್ದು?

"ಕರಾಟೆ ನಮ್ಮದೇ ಕಣ್ರೀ, ಬೋಧಿಧರ್ಮ ಚೀನಾಕ್ಕೆ ಹೋಗಿ ಕಲಿಸಿದ್ದು!"

ಭಾನುವಾರ ಕ್ಲಾಸು ಮುಗಿಸಿ ಕಾಫಿ ಕುಡಿಯುವಾಗ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳ್ತಾರೆ. ಮೊದಲು ನಾನೂ ಹೇಳ್ತಿದ್ದೆ. ನಾನು ಕಲಿಯುತ್ತಿರುವ ಗೊಜು-ರ್ಯು ಶೈಲಿಯ ಚರಿತ್ರೆ ಓದಿದ ಮೇಲೆ ಮಾತ್ರ ಹಾಗೆ ಹೇಳೋಕೆ ಬಾಯಿ ಬರ್ತಿಲ್ಲ.

ಕರಾಟೆಯ ತವರು ಓಕಿನಾವಾ. ಈಗ ಅದು ಜಪಾನಿನ ಭಾಗ. ಆದರೆ 1879ರವರೆಗೆ ರ್ಯೂಕ್ಯೂ ಎಂಬ ಬೇರೆಯದೇ ರಾಜ್ಯವಾಗಿತ್ತು, ಚೀನಾದ ಜೊತೆ ನೂರಾರು ವರ್ಷಗಳ ವ್ಯಾಪಾರ ಸಂಬಂಧ ಇತ್ತು. ಅಲ್ಲಿನ ನಾಹಾ ಪಟ್ಟಣದ ಹಿಗಾಒನ್ನ ಕಾನ್‌ರ್ಯೊ (1853–1915) ಹರೆಯದಲ್ಲೇ ಹಡಗು ಹತ್ತಿ ಚೀನಾದ ಫುಜಿಯಾನ್ ಪ್ರಾಂತ್ಯದ ಫೂಜೌ ನಗರಕ್ಕೆ ಹೋದರು. ಅಲ್ಲಿ ವರ್ಷಗಟ್ಟಲೆ ಇದ್ದು ಕಲಿತದ್ದನ್ನು ಊರಿಗೆ ಬಂದು ಕಲಿಸಿದರು. ಆಗೆಲ್ಲ ಊರಿನ ಹೆಸರೇ ಶೈಲಿಯ ಹೆಸರು. ನಾಹಾದ್ದು ನಾಹಾ-ತೆ, ಶುರಿಯದ್ದು ಶುರಿ-ತೆ. 'ತೆ' ಅಂದರೆ ಕೈ. ಅಷ್ಟೇ!

ಹಿಗಾಒನ್ನ ಅವರ ಶಿಷ್ಯ ಮಿಯಾಗಿ ಚೊಜುನ್ (1888–1953). ಇವರೇ ಗೊಜು-ರ್ಯು ಸ್ಥಾಪಕರು. ಹೆಸರು ಬಂದದ್ದರ ಬಗ್ಗೆ ನಮ್ಮ ಪರಂಪರೆಯಲ್ಲಿ ಒಂದು ಕಥೆ ಹೇಳ್ತಾರೆ. 1930ರ ಆಸುಪಾಸಿನಲ್ಲಿ ಮಿಯಾಗಿಯವರ ಹಿರಿಯ ಶಿಷ್ಯ ಶಿನ್ಜಾತೊ ಜಿನ್‌ಆನ್ ಜಪಾನಿನಲ್ಲಿ ಒಂದು ಪ್ರದರ್ಶನ ಕೊಟ್ಟರಂತೆ. ಯಾರೋ "ನಿಮ್ಮದು ಯಾವ ಶೈಲಿ?" ಅಂತ ಕೇಳಿದರಂತೆ. ಪಾಪ, ಶಿಷ್ಯನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದು ಗುರುಗಳಿಗೆ ಹೇಳಿದಾಗ ಅವರು 'ಬುಬಿಶಿ' ಎಂಬ ಹಳೆಯ ಚೀನೀ ಗ್ರಂಥದ ಎಂಟು ಸೂತ್ರಗಳಲ್ಲಿ ಒಂದರಿಂದ ಎರಡು ಅಕ್ಷರ ಆರಿಸಿದರು. 'ಗೊ' ಅಂದರೆ ಗಟ್ಟಿ, 'ಜು' ಅಂದರೆ ಮೃದು. 'ರ್ಯು' ಅಂದರೆ ಹರಿವು, ಅಂದರೆ ಪಂಥ.

ಈ ತತ್ವ ಬರೀ ಹೆಸರಲ್ಲಿಲ್ಲ. 'ಕತಾ' ಅಂದರೆ ಕ್ರಮವಾಗಿ ಜೋಡಿಸಿದ ಹೊಡೆತ, ತಡೆಗಳ ಸರಣಿ. 'ಸಂಚಿನ್' ಕತಾದಲ್ಲಿ ಪಾದ ನೆಲಕ್ಕೆ ಊರಿ, ಮೈಯೆಲ್ಲ ಬಿಗಿಹಿಡಿದು, ಹೊಟ್ಟೆಯಿಂದ ಉಸಿರು ಬಿಡುತ್ತಾ ನಿಧಾನಕ್ಕೆ ಹೆಜ್ಜೆ ಇಡಬೇಕು. ಗುರುಗಳು ಹೆಗಲು, ತೊಡೆ ತಟ್ಟಿ ಬಿಗಿ ಸರಿ ಇದೆಯಾ ನೋಡ್ತಾರೆ. ಇದು ಗೊ. ಮಿಯಾಗಿಯವರೇ ರಚಿಸಿದ 'ಟೆನ್‌ಶೊ'ದಲ್ಲಿ ತೆರೆದ ಅಂಗೈ ಸುತ್ತುತ್ತಾ ಹರಿಯುತ್ತೆ. ಇದು ಜು. ಹೊಡೆತ ಬಂದಾಗ ಮೃದುವಾಗಿ ತಿರುಗಿಸು, ಕೊಡುವಾಗ ಗಟ್ಟಿಯಾಗಿ ಕೊಡು ಅನ್ನೋದು ಸಾರಾಂಶ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 'ಕರಾಟೆ'ಯನ್ನು ಮೊದಲು 'ಚೀನಾ ಕೈ' ಎಂಬ ಅರ್ಥ ಬರುವ ಅಕ್ಷರಗಳಲ್ಲಿ ಬರೆಯುತ್ತಿದ್ದರು. 1936ರ ಅಕ್ಟೋಬರ್‌ನಲ್ಲಿ ನಾಹಾದಲ್ಲಿ ಹಿರಿಯ ಗುರುಗಳೆಲ್ಲ ಸಭೆ ಸೇರಿದರು, ಮಿಯಾಗಿಯವರೂ ಇದ್ದರು. ಅಲ್ಲಿ 'ಬರಿ ಕೈ' ಎಂಬ ಅರ್ಥದ ಬರಹಕ್ಕೆ ಒಲವು ಸಿಕ್ಕಿತು. ಉಚ್ಚಾರಣೆ ಅದೇ, ಅಕ್ಷರ ಮಾತ್ರ ಬೇರೆ. ಮರುವರ್ಷವೇ ಜಪಾನ್-ಚೀನಾ ಯುದ್ಧ ಶುರುವಾಯಿತು. ಅಂಥ ಕಾಲದಲ್ಲಿ ಹೆಸರಿನಲ್ಲಿ ಚೀನಾ ಇದ್ದರೆ ಕಷ್ಟವೇ ತಾನೆ?

ಆದರೆ ಕತಾಗಳ ಹೆಸರಲ್ಲಿ ಚೀನಾ ಹಾಗೇ ಉಳಿದಿದೆ. ಸೇಸಾನ್ 13, ಸಾನ್ಸೇರು 36, ಸುಪಾರಿಂಪೇ 108. ಎಲ್ಲ ಚೀನೀ ಸಂಖ್ಯೆಗಳು ಓಕಿನಾವಾದವರ ಬಾಯಲ್ಲಿ ಪಡೆದ ರೂಪ!

ಬೋಧಿಧರ್ಮ ಇದ್ದದ್ದು 5-6ನೇ ಶತಮಾನದಲ್ಲಿ ಅಂತಾರೆ. ಆತನನ್ನು ಶಾವೊಲಿನ್ ಕಸರತ್ತಿಗೆ ಜೋಡಿಸುವ ಕಥೆ ಸಿಗೋದು 1624ರ ತಾರೀಖು ಹೊತ್ತ ಒಂದು ಚೀನೀ ಪುಸ್ತಕದಲ್ಲಿ. ನಡುವೆ ಸಾವಿರ ವರ್ಷ! ನಾವು "ನಮ್ಮದೇ" ಅಂದಾಗ ಫೂಜೌವೂ ಹೋಯ್ತು, ನಾಹಾವೂ ಹೋಯ್ತು. ಅವರು ಒಂದು ಅಕ್ಷರ ಬದಲಿಸಿದರು, ನಾವು ಇಡೀ ಕಥೆಯನ್ನೇ ಬದಲಿಸ್ತಿದ್ದೀವಿ.

1945ರ ಓಕಿನಾವಾ ಯುದ್ಧದಲ್ಲಿ ಅಲ್ಲಿನ ಸುಮಾರು ಒಂದು ಲಕ್ಷ ಜನಸಾಮಾನ್ಯರು ಸತ್ತರು. ಶಿನ್ಜಾತೊ ಕೂಡ ಆ ಯುದ್ಧದಲ್ಲೇ ತೀರಿಕೊಂಡರು. ಮಿಯಾಗಿ ತಮ್ಮ ನಂತರ ಇವರೇ ಅಂದುಕೊಂಡಿದ್ದ ಶಿಷ್ಯ. ಯುದ್ಧ ಮುಗಿದ ಮೇಲೆ ಮಿಯಾಗಿ ಮತ್ತೆ ಸಂಚಿನ್‌ನಿಂದಲೇ ಕಲಿಸತೊಡಗಿದರು. ಅವರು ಹಾಗೆ ಮಾಡದೇ ಹೋಗಿದ್ದರೆ ನನ್ನ ಭಾನುವಾರದ ಕ್ಲಾಸು ಇರುತ್ತಿರಲಿಲ್ಲ.

ಹಾಗಾಗಿ ಈಗ ಕಾಫಿ ಹೊತ್ತಿನಲ್ಲಿ ಬೋಧಿಧರ್ಮನ ಮಾತು ಬಂದರೆ, ನಾನು ಹಿಗಾಒನ್ನ ಹಡಗು ಹತ್ತಿದ ಕಥೆ ಶುರು ಮಾಡ್ತೀನಿ. ಅರ್ಧ ಜನ ಎದ್ದು ಹೋಗ್ತಾರೆ, ಇರಲಿ ಬಿಡಿ :)