ತಾಯಿಯ ಮೇಲಿನ ದೂರು

ಮಗು ಊನವಾಗಿ ಹುಟ್ಟಿದರೆ ನಮ್ಮ ಸೀಮೆಯಲ್ಲಿ ಮೊದಲ ಪ್ರಶ್ನೆ ತಾಯಿಗೇ: "ಏನವ್ವ, ಗ್ರಹಣದ ದಿನ ಆಚೆಗೆ ಬಂದಿದ್ಯಾ? ಈಳಿಗೆಮಣೆ ಮುಟ್ಟಿದ್ಯಾ?" ತೆರಕಣಾಂಬಿಯಲ್ಲಿ ಪಾಠ ಹೇಳುತ್ತಾ ಬಂದ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಅದಕ್ಕೇ ಝೀಕಾ ವೈರಸ್ಸಿನ ಚರಿತ್ರೆ ನನಗೆ ಬರೀ ವಿಜ್ಞಾನದ ಪಾಠವೆನಿಸುವುದಿಲ್ಲ.

1947ರಲ್ಲಿ ಉಗಾಂಡದ ಝೀಕಾ ಕಾಡಿನಲ್ಲಿ ಹಳದಿ ಜ್ವರದ ಬಗ್ಗೆ ಸಂಶೋಧನೆ ನಡೆಸುತ್ತಿದ್ದವರಿಗೆ, ಪಂಜರದಲ್ಲಿಟ್ಟಿದ್ದ ಕೋತಿಯೊಂದರ ರಕ್ತದಲ್ಲಿ ಈ ವೈರಸ್ ಸಿಕ್ಕಿತು. ಮರುವರ್ಷ ಅಲ್ಲಿಯ ಸೊಳ್ಳೆಗಳಲ್ಲೂ ಸಿಕ್ಕಿತು. ಸಣ್ಣ ಜ್ವರ, ಕೆಂಪು ದದ್ದು, ಕೀಲುನೋವು, ವಾರದೊಳಗೆ ವಾಸಿ. ಹಾಗಾಗಿ ಬಹುಕಾಲ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

2015ರಲ್ಲಿ ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ತೀರ ಚಿಕ್ಕ ತಲೆಯ ಮಕ್ಕಳು ಒಂದರ ಹಿಂದೊಂದು ಹುಟ್ಟತೊಡಗಿದವು. ವನೆಸ್ಸಾ ವಾನ್ ಡರ್ ಲಿಂಡೆನ್ ಮತ್ತು ಆಕೆಯ ತಾಯಿ ಆನಾ, ಇಬ್ಬರೂ ಮಕ್ಕಳ ನರರೋಗ ವೈದ್ಯೆಯರು, ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ವಿಚಾರಿಸಿದಾಗ ಹಲವು ತಾಯಂದಿರು ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ದದ್ದು ಎದ್ದದ್ದನ್ನು ನೆನಪಿಸಿಕೊಂಡರು. ಆ ನವೆಂಬರಿನಲ್ಲಿ ಕಂಪೀನಾ ಗ್ರಾಂಡೆಯ ವೈದ್ಯೆ ಆಡ್ರಿಯಾನಾ ಮೆಲೊ ಪರೀಕ್ಷೆಗೆ ಕಳಿಸಿದ ಇಬ್ಬರು ಗರ್ಭಿಣಿಯರ ಗರ್ಭಜಲದಲ್ಲೂ ವೈರಸ್ ಇತ್ತು. 2016ರ ಏಪ್ರಿಲಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಮಕ್ಕಳ ತಲೆ ಬೆಳೆಯದಿರುವುದಕ್ಕೆ ಝೀಕಾ ಕಾರಣವೆಂದು ಖಚಿತವಾಗಿ ಹೇಳಿತು.

ಸೋಂಕು ತಗುಲಿದ ಎಲ್ಲ ಬಸುರಿಯರ ಮಕ್ಕಳಿಗೂ ಹೀಗಾಗುವುದಿಲ್ಲ. ಎಲ್ಲ ಊನಕ್ಕೂ ಝೀಕಾ ಕಾರಣವೂ ಅಲ್ಲ. ಆದರೆ ದೂರು ಹೊರಿಸುವ ಮುನ್ನ ತಾಯಿಯ ಮಾತು ಕೇಳಿ ಕಾರಣ ಹುಡುಕಬೇಕೆಂಬುದನ್ನು ಆ ವೈದ್ಯೆಯರು ತೋರಿಸಿಕೊಟ್ಟರು.

ಇದು ದೂರದ ಊರಿನ ಕತೆಯೂ ಅಲ್ಲ. 2021ರಲ್ಲಿ ಪಕ್ಕದ ಕೇರಳದಲ್ಲಿ ಮೊದಲು ಪತ್ತೆಯಾದದ್ದು ಗರ್ಭಿಣಿಯೊಬ್ಬಳಲ್ಲಿ. 2022ರ ಡಿಸೆಂಬರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಿಗೆ ಝೀಕಾ ತಗುಲಿದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ವೈರಸ್ ಕಂಡುಬಂತು.

ಡೆಂಗಿ, ಚಿಕುನ್‌ಗುನ್ಯ ತರುವ ಈಡಿಸ್ ಸೊಳ್ಳೆಯೇ ಇದನ್ನೂ ತರುವುದು. ಅದು ಕಚ್ಚುವುದು ಹಗಲು. ಮೊಟ್ಟೆ ಇಡುವುದು ನಾವು ತುಂಬಿಟ್ಟ ತಿಳಿನೀರಿನಲ್ಲಿ. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು ಖಾಲಿಮಾಡಿ, ಒಳಗೆಲ್ಲ ಉಜ್ಜಿ ತೊಳೆದು ಮುಚ್ಚಿಡಬೇಕು. ಅದು ಮನೆಮಂದಿಯೆಲ್ಲರ ಕೆಲಸ. ಬಸುರಿಗೆ ಜ್ವರವೋ ದದ್ದೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಗ್ರಹಣದ ದಿನ ಸೊಸೆಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವ ಅತ್ತೆ, ಉಳಿದ ದಿನಗಳ ಹಗಲಿನಲ್ಲಿ ಅವಳಿಗೆ ಸೊಳ್ಳೆ ಕಚ್ಚದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.